ದಿನಾ ಓಡ್ತೀನಿ, ಆದ್ರೂ ವೇಗ ಯಾಕೆ ಹೆಚ್ಚುತ್ತಿಲ್ಲ?

ಪ್ರಶ್ನೆ: ಆರು ತಿಂಗಳಿಂದ ದಿನಾ ಬೆಳಿಗ್ಗೆ 5 ಕಿ.ಮೀ. ಓಡುತ್ತಿದ್ದೇನೆ. ನಾಲಿಗೆ ಹೊರಗೆ ಬರುವ ತನಕ ಓಡಿದರೂ 30 ನಿಮಿಷಕ್ಕಿಂತ ಕೆಳಗೆ ಇಳಿಯುತ್ತಿಲ್ಲ. ಹತ್ತು ಕಿಲೋಮೀಟರ್ ಅಂತೂ ದೂರದ ಮಾತು. ಇನ್ನೂ ಎಷ್ಟು ಕಷ್ಟಪಡಬೇಕು? ಅಥವಾ ನನ್ನ ಮೈಗೆ ಓಟ ಒಗ್ಗುವುದೇ ಇಲ್ವಾ?

ಉತ್ತರ: ನಿಮ್ಮ ಮೈಗೆ ಏನೂ ಆಗಿಲ್ಲ. ಕಷ್ಟವನ್ನೂ ಬೇಕಾದಷ್ಟು ಪಡುತ್ತಿದ್ದೀರಿ, ಇನ್ನೂ ಸ್ವಲ್ಪ ಜಾಸ್ತಿಯೇ. ಒಂದೇ ಮಾತಲ್ಲಿ ಹೇಳಬೇಕೆಂದರೆ, ನಿಧಾನ ಓಡಿ. ತೊಂದರೆ ಏನೆಂದರೆ ಈ ಮಾತನ್ನು ಯಾರೂ ನಂಬುವುದಿಲ್ಲ. ನಾನೂ ನಂಬಿರಲಿಲ್ಲ.

ನಾನು ಓಡುವುದು ಮೈಸೂರಿನ ಕುಕ್ಕರಹಳ್ಳಿ ಕೆರೆ ಸುತ್ತ. ಮೊದಲ ವರ್ಷ ನನ್ನದೂ ನಿಮ್ಮ ಹಾಗೇ. ಗೇಟ್ ದಾಟಿದ ಕೂಡಲೇ ವಾಚ್ ಒತ್ತಿ, ಯಾರೋ ಅಟ್ಟಿಸಿಕೊಂಡು ಬರುತ್ತಿದ್ದಾರೆ ಅನ್ನೋ ಹಾಗೆ ಓಟ. ಅಲ್ಲಿಗೆ ಒಬ್ಬ ಹಿರಿಯರು ಬರುತ್ತಿದ್ದರು. ರೈಲ್ವೆ ವರ್ಕ್‌ಶಾಪಿನಲ್ಲಿ ದುಡಿದು ನಿವೃತ್ತರಾದವರು. ತಲೆಗೆ ಮಫ್ಲರ್, ಕಾಲಿಗೆ ಸವೆದ ಕ್ಯಾನ್ವಾಸ್ ಶೂ. ಅವರದನ್ನು ಓಟ ಅನ್ನಬೇಕೋ ನಡಿಗೆ ಅನ್ನಬೇಕೋ ಗೊತ್ತಾಗುತ್ತಿರಲಿಲ್ಲ. ಪಾದ ನೆಲಕ್ಕೆ ತಾಗಿದ ಸದ್ದೂ ಇಲ್ಲ. ಶುರುವಿನಲ್ಲೇ ನಾನು ಅವರನ್ನು ದಾಟಿ ಹೋಗುತ್ತಿದ್ದೆ. ಒಂದು ಸುತ್ತು ಮುಗಿಸಿ, ಮಂಡಿ ಮೇಲೆ ಕೈಯೂರಿ ಏದುಸಿರು ಬಿಡುತ್ತಾ ನಿಂತಿದ್ದಾಗ ಅವರು ಬಂದು, ನನ್ನ ಪಕ್ಕದಲ್ಲೇ ಹಾದು, ಎರಡನೇ ಸುತ್ತಿಗೆ ಹೋಗುತ್ತಿದ್ದರು. ಒಂದು ದಿನ ಕಾಲು ನಿಲ್ಲಿಸದೇ ಕೇಳಿದರು: “ಏನ್ ಸ್ವಾಮಿ, ರೈಲೇನಾದ್ರೂ ತಪ್ಪೋಗುತ್ತಾ?”

ಅವತ್ತು ಸಿಟ್ಟು ಬಂತು. ಅರ್ಥ ಆಗಿದ್ದು ಆಮೇಲೆ.

ದೂರ ಓಡುವ ಶಕ್ತಿ ತಯಾರಾಗುವುದು ನಮಗೆ ಕಾಣದ ಜಾಗದಲ್ಲಿ. ಸ್ನಾಯುವಿನ ಒಂದೊಂದು ಜೀವಕೋಶದೊಳಗೂ ಮೈಟೊಕಾಂಡ್ರಿಯಾ ಎಂಬ ಪುಟಾಣಿ ಒಲೆಗಳಿವೆ. ಉಸಿರಲ್ಲಿ ಬಂದ ಆಮ್ಲಜನಕ ಬಳಸಿಕೊಂಡು ಇಂಧನ ಉರಿಸುವುದು ಇಲ್ಲೇ. ಅಮೆರಿಕದ ಜಾನ್ ಹಾಲೊಸ್ಜಿ 1967ರಲ್ಲಿ ಇಲಿಗಳನ್ನು ವಾರಗಟ್ಟಲೆ ಟ್ರೆಡ್‌ಮಿಲ್ ಮೇಲೆ ಓಡಿಸಿ ನೋಡಿದ. ಆ ಒಲೆಗಳಲ್ಲಿ ಕೆಲಸ ಮಾಡುವ ಕಿಣ್ವಗಳು ಸುಮಾರು ದುಪ್ಪಟ್ಟಾಗಿದ್ದವು. ಮನುಷ್ಯರಲ್ಲೂ ಹೀಗೇ ಒಲೆಗಳು ಹೆಚ್ಚುತ್ತವೆ. ಜೊತೆಗೆ ಸ್ನಾಯುವಿಗೆ ರಕ್ತ ಮುಟ್ಟಿಸುವ ಕೂದಲಿಗಿಂತ ಸಣ್ಣ ಲೋಮನಾಳಗಳು ಕವಲೊಡೆಯುತ್ತವೆ. ಹೃದಯ ಒಂದು ಬಡಿತಕ್ಕೆ ಮೊದಲಿಗಿಂತ ಜಾಸ್ತಿ ರಕ್ತ ತಳ್ಳುವುದನ್ನು ಕಲಿಯುತ್ತದೆ.

ಜೋರು ಓಟದಿಂದಲೂ ಇವೆಲ್ಲ ಆಗುತ್ತವೆ, ಇಲ್ಲ ಅನ್ನೋಲ್ಲ. ಆದರೆ ಜೋರಾಗಿ ಎಷ್ಟು ಹೊತ್ತು ಓಡುತ್ತೀರಿ? ಅರ್ಧ ಗಂಟೆ. ಮಾರನೇ ದಿನ ಕಾಲು ಸೀಸದ ಹಾಗೆ ಭಾರ. ಅದೇ ಭಾರದಲ್ಲಿ ಮತ್ತೆ ಜೋರು ಓಟ. ಮೈ ರಿಪೇರಿ ಮಾಡಿಕೊಳ್ಳುವುದೇ ವಿಶ್ರಾಂತಿಯ ಹೊತ್ತಿನಲ್ಲಿ, ನೀವು ಆ ಹೊತ್ತನ್ನೇ ಕೊಡುತ್ತಿಲ್ಲ. ಗಾರೆ ಒಣಗುವ ಮುಂಚೆ ಮೇಲಿನ ಸಾಲು ಇಟ್ಟಿಗೆ ಜೋಡಿಸಿದ ಹಾಗೆ. ನಿಧಾನ ಓಡಿದರೆ ವಾರಕ್ಕೆ ನಾಲ್ಕೈದು ಗಂಟೆಯೂ ಓಡಬಹುದು, ಮಾರನೇ ದಿನ ಆಫೀಸಿಗೂ ಹೋಗಬಹುದು.

ಇನ್ನೊಂದು ಲೆಕ್ಕ ಇದೆ. ಒಂದು ಕಿಲೋಮೀಟರ್ ಓಡಲು, ಹೆಚ್ಚುಕಡಿಮೆ, ನಮ್ಮ ತೂಕದ ಒಂದೊಂದು ಕೆ.ಜಿ.ಗೂ ಒಂದು ಕ್ಯಾಲೊರಿ ಬೇಕು. 70 ಕೆ.ಜಿ. ಇರುವವರಿಗೆ 42.195 ಕಿ.ಮೀ. ಮ್ಯಾರಥಾನ್ ಅಂದರೆ 3,000 ಕ್ಯಾಲೊರಿಯ ಹತ್ತಿರ. ಮೈಯಲ್ಲಿ ಗ್ಲೈಕೋಜನ್ ರೂಪದಲ್ಲಿ ಕೂಡಿಟ್ಟ ಸಕ್ಕರೆ ಸುಮಾರು 2,000 ಕ್ಯಾಲೊರಿಯಷ್ಟು ಮಾತ್ರ. ಎಷ್ಟೋ ಮಂದಿ 30 ಕಿ.ಮೀ. ಆಸುಪಾಸಿನಲ್ಲಿ ಗೋಡೆಗೆ ಗುದ್ದಿದ ಹಾಗೆ ನಿಂತುಬಿಡುವುದು ಇದಕ್ಕೇ. ಕೊಬ್ಬು ಮಾತ್ರ ಧಾರಾಳವಾಗಿದೆ. ಮೈಯಲ್ಲಿ 10 ಕೆ.ಜಿ. ಕೊಬ್ಬಿದ್ದರೆ ಎಪ್ಪತ್ತು ಸಾವಿರ ಕ್ಯಾಲೊರಿಗೂ ಜಾಸ್ತಿ.

ಹಳ್ಳಿಯ ಬಚ್ಚಲೊಲೆ ನೋಡಿದವರಿಗೆ ಇದು ಸುಲಭವಾಗಿ ಗೊತ್ತಾಗುತ್ತದೆ. ತೆಂಗಿನ ಗರಿ ಥಟ್ಟನೆ ಹೊತ್ತುತ್ತದೆ, ಥಟ್ಟನೆ ಆರುತ್ತದೆ. ಹುಣಸೆ ಕೊರಡು ಹೊತ್ತುವುದು ನಿಧಾನ, ಹೊತ್ತಿತೆಂದರೆ ಮನೆಮಂದಿಯೆಲ್ಲ ಮಿಂದರೂ ಹಂಡೆ ನೀರು ಬಿಸಿ. ಗ್ಲೈಕೋಜನ್ ಗರಿ, ಕೊಬ್ಬು ಕೊರಡು. ಏದುಸಿರು ಬಿಡುತ್ತಾ ಓಡಿದಾಗ ಮೈ ಗರಿಯನ್ನೇ ಎಳೆದೆಳೆದು ಒಲೆಗೆ ಹಾಕುತ್ತದೆ. ಮೆಲ್ಲಗೆ, ತುಂಬ ಹೊತ್ತು ಓಡಿದಾಗ ಕೊರಡು ಉರಿಸುವುದನ್ನು ಕಲಿಯುತ್ತದೆ.

ಇದು ಹೊಸ ಸಂಗತಿ ಏನಲ್ಲ. ನ್ಯೂಜಿಲೆಂಡಿನ ಆಕ್ಲೆಂಡ್‌ನಲ್ಲಿ ಆರ್ಥರ್ ಲಿಡಿಯಾರ್ಡ್ ಎಂಬ ಶೂ ಕಾರ್ಖಾನೆಯ ಕೆಲಸಗಾರ ಇದ್ದ. ತನ್ನ ಮೇಲೇ ಪ್ರಯೋಗ ಮಾಡಿಕೊಂಡು ಓಟ ಕಲಿತವನು. ಹುಡುಗರನ್ನು ವಾರಕ್ಕೆ ನೂರು ಮೈಲಿ, ಅಂದರೆ 160 ಕಿ.ಮೀ. ಓಡಿಸುತ್ತಿದ್ದ. ಭಾನುವಾರ ವೈಯಟಾರುವಾ ಬೆಟ್ಟದ ದಾರಿಯಲ್ಲಿ 35 ಕಿ.ಮೀ. ಸುತ್ತು. ಅವರಲ್ಲಿ ಪೀಟರ್ ಸ್ನೆಲ್ ಕೂಡ ಇದ್ದ. ಅವನ ಸ್ಪರ್ಧೆ 800 ಮೀಟರ್, ಎರಡು ನಿಮಿಷದೊಳಗೆ ಮುಗಿದುಹೋಗುವಂಥದ್ದು! ಅದಕ್ಕೆ 35 ಕಿ.ಮೀ. ಅಭ್ಯಾಸ ಯಾಕೆ ಅಂತ ಯಾರಿಗಾದರೂ ಅನ್ನಿಸುತ್ತದೆ. 1960ರ ಸೆಪ್ಟೆಂಬರ್ 2ರಂದು ರೋಮ್ ಒಲಿಂಪಿಕ್ಸ್‌ನಲ್ಲಿ ಸ್ನೆಲ್ ಚಿನ್ನ ಗೆದ್ದ. ಅದೇ ದಿನ, ಅದೇ ಮೈದಾನದಲ್ಲಿ, ಲಿಡಿಯಾರ್ಡ್‌ನ ಇನ್ನೊಬ್ಬ ಶಿಷ್ಯ ಮರ್ರೆ ಹಾಲ್‌ಬರ್ಗ್ 5,000 ಮೀಟರ್‌ನಲ್ಲಿ ಚಿನ್ನ ಗೆದ್ದ. ಆಮೇಲೆ ಬಂದ ವಿಜ್ಞಾನಿಗಳು ಅಳೆದು ನೋಡಿದ್ದೂ ಇದನ್ನೇ. ನಾರ್ವೆಯಲ್ಲಿ ಕೆಲಸ ಮಾಡುವ ಸ್ಟೀಫನ್ ಸೈಲರ್ ದೋಣಿ ಹುಟ್ಟು ಹಾಕುವವರು, ಸ್ಕೀಯಿಂಗ್‌ನವರು, ಓಟಗಾರರು, ಎಲ್ಲರ ಅಭ್ಯಾಸವನ್ನೂ ನೋಡಿದರು. ಮೇಲ್ಮಟ್ಟದವರ ಅಭ್ಯಾಸದಲ್ಲಿ ಸುಮಾರು ಶೇ 80ರಷ್ಟು ಸುಲಭದ್ದೇ.

ಎಲಿಯುಡ್ ಕಿಪ್‌ಚೋಗೆ ಹೆಸರು ನೀವು ಕೇಳಿರುತ್ತೀರಿ. 2022ರಲ್ಲಿ ಬರ್ಲಿನ್ ಮ್ಯಾರಥಾನನ್ನು 2 ಗಂಟೆ 1 ನಿಮಿಷ 9 ಸೆಕೆಂಡಿನಲ್ಲಿ ಓಡಿದ ಕೀನ್ಯಾದವರು. ಒಂದು ಕಿಲೋಮೀಟರಿಗೆ 2 ನಿಮಿಷ 52 ಸೆಕೆಂಡ್. ನಮ್ಮಲ್ಲಿ ಬಹಳಷ್ಟು ಮಂದಿ ಆ ವೇಗದಲ್ಲಿ ಕೆರೆ ಏರಿಯ ಆ ತುದಿಗೂ ಮುಟ್ಟಲಾರೆವು. ಟಿ.ವಿ.ಯಲ್ಲಿ ಕಾಣುವುದು ಆ ಎರಡು ಗಂಟೆ. ಕಾಣದಿರುವುದು ಕಪ್ಟಗಾಟ್ ಎಂಬ ಊರಿನ ಶಿಬಿರ. ಸಮುದ್ರಮಟ್ಟದಿಂದ ಸುಮಾರು 2,400 ಮೀಟರ್ ಎತ್ತರದಲ್ಲಿ, ಕೆಂಪು ಮಣ್ಣಿನ ದಾರಿ. ಕೋಟಿಗಟ್ಟಲೆ ದುಡಿದ ಮೇಲೂ ಅವರು ವಾರವೆಲ್ಲ ಅಲ್ಲೇ ಇದ್ದು, ಸರದಿ ಬಂದಾಗ ಉಳಿದವರ ಹಾಗೆ ಕಕ್ಕಸು ತೊಳೆಯುತ್ತಿದ್ದರು. ಊಟಕ್ಕೆ ಉಗಾಲಿ. ಮೆಕ್ಕೆಜೋಳದ ಹಿಟ್ಟಿನ ಮುದ್ದೆ ಅನ್ನಿ, ನಮ್ಮ ರಾಗಿಮುದ್ದೆಗೆ ಅಣ್ಣನೋ ತಮ್ಮನೋ ಆಗಬೇಕು. ವಾರಕ್ಕೆ 200 ಕಿ.ಮೀ. ಮೇಲೆ ಓಡುತ್ತಿದ್ದರು, ಹೆಚ್ಚಿನದು ಆರಾಮಾಗಿ. ಓಡಿದ್ದನ್ನೆಲ್ಲ ವರ್ಷಗಳಿಂದ ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಾ ಬಂದಿದ್ದಾರೆ.

ಇಷ್ಟೆಲ್ಲ ಮಾಡಿದವರಿಗೂ ಸೋಲು ತಪ್ಪಿಲ್ಲ, ಅದನ್ನೂ ಹೇಳಬೇಕು. 2012ರ ಲಂಡನ್ ಒಲಿಂಪಿಕ್ಸ್‌ಗೆ ಅವರಿಗೆ ಕೀನ್ಯಾ ತಂಡದಲ್ಲಿ ಜಾಗವೇ ಸಿಗಲಿಲ್ಲ. ಮ್ಯಾರಥಾನ್ ಕಡೆ ಬಂದಿದ್ದೇ ಆಮೇಲೆ. ಎರಡು ಒಲಿಂಪಿಕ್ ಚಿನ್ನ ಗೆದ್ದು, 2024ರಲ್ಲಿ ಪ್ಯಾರಿಸ್‌ಗೆ ಹೋದಾಗ 30 ಕಿ.ಮೀ. ದಾಟಿದ ಮೇಲೆ ಬೆನ್ನುನೋವಿನಿಂದ ನಡೆಯಬೇಕಾಯಿತು. ಕೊನೆಗೆ ಓಟ ಬಿಟ್ಟರು. ದಾರಿಬದಿ ನಿಂತಿದ್ದ ಜನರಿಗೆ ಕಾಲಿನ ಶೂ, ಸಾಕ್ಸ್ ಎಲ್ಲ ಬಿಚ್ಚಿ ಕೊಟ್ಟರು.

ನಮ್ಮ ದೇಶದಲ್ಲೂ ಇಂಥ ಒಬ್ಬರಿದ್ದರು. ಬಿಹಾರದ ಶಿವನಾಥ್ ಸಿಂಗ್, ಸೈನ್ಯದಲ್ಲಿದ್ದವರು, ಬರಿಗಾಲಲ್ಲಿ ಓಡಿ ಹೆಸರಾದವರು. 1976ರ ಮಾಂಟ್ರಿಯಲ್ ಒಲಿಂಪಿಕ್ ಮ್ಯಾರಥಾನ್‌ನಲ್ಲಿ 11ನೆಯವರಾಗಿ ಬಂದರು. 1978ರಲ್ಲಿ ಜಲಂಧರ್‌ನಲ್ಲಿ 2 ಗಂಟೆ 12 ನಿಮಿಷದಲ್ಲಿ ಮುಗಿಸಿದರು. ಆ ರಾಷ್ಟ್ರೀಯ ದಾಖಲೆ ನಾಲ್ಕು ದಶಕಕ್ಕೂ ಮೀರಿ ಉಳಿಯಿತು. ಅಷ್ಟು ವರ್ಷದಲ್ಲಿ ಎಷ್ಟೆಲ್ಲ ಬಗೆಯ ಶೂ ಬಂದವು ನೋಡಿ. ಶೂ ಬಗ್ಗೆ ಕೇಳುವವರಿಗೆ ನನ್ನ ಉತ್ತರ ಇಷ್ಟೇ: ಹಾಕಿಕೊಂಡ ಕೂಡಲೇ ಹಿತವೆನಿಸಬೇಕು, ಹೆಬ್ಬೆರಳ ಮುಂದೆ ಸ್ವಲ್ಪ ಜಾಗ ಇರಬೇಕು. ಮುಂದಿನ ವಿಷಯಕ್ಕೆ ಹೋಗೋಣ.

ಮುಂದಿನದು ಪೆಟ್ಟಿನ ವಿಷಯ. ಇದನ್ನು ಯಾರೂ ನನಗೆ ಮೊದಲೇ ಹೇಳಲಿಲ್ಲ. ಓಡಲು ಶುರು ಮಾಡಿದ ಎರಡು ಮೂರು ವಾರದಲ್ಲೇ ರಕ್ತದ ನೀರಿನಂಶ ಹೆಚ್ಚುತ್ತದೆ, ಉಸಿರು ಹದಕ್ಕೆ ಬರುತ್ತದೆ. ಅರೆ, ಓಡಬಲ್ಲೆ ಅನ್ನಿಸುತ್ತದೆ. ಮೂಳೆ ಮತ್ತು ಹಿಮ್ಮಡಿ ಮೇಲಿನ ಹುರಿಯಂಥ ಸ್ನಾಯುರಜ್ಜು ಗಟ್ಟಿಯಾಗಲು ತಿಂಗಳುಗಳೇ ಬೇಕು. ಅಂದರೆ ಎದೆ ಹೂಂ ಅನ್ನುವಾಗ ಕಾಲು ಇನ್ನೂ ಉಹೂಂ ಅನ್ನುತ್ತಿರುತ್ತದೆ. ಅದರ ಮಾತು ಕೇಳಿಸುವುದಿಲ್ಲ, ಅಷ್ಟೇ. ಒಂದು ಕಿಲೋಮೀಟರಿಗೆ ಹತ್ತಿರ ಹತ್ತಿರ ಸಾವಿರ ಹೆಜ್ಜೆ. ಒಂದೊಂದು ಹೆಜ್ಜೆಗೂ ಮೈತೂಕದ ಎರಡು ಮೂರು ಪಟ್ಟು ಭಾರ ಕಾಲಿನ ಮೇಲೆ ಬೀಳುತ್ತದೆ.

ನಾನು ಗೆಳೆಯರ ಜೊತೆ ಪಂತಕ್ಕೆ ಬಿದ್ದು ಒಂದೇ ತಿಂಗಳಲ್ಲಿ 6ರಿಂದ 21 ಕಿ.ಮೀ.ಗೆ ಹಾರಿದ್ದೆ. ಮಂಡಿ ಕೆಳಗೆ, ಕಾಲಿನ ಮುಂದಿನ ಮೂಳೆಯಲ್ಲಿ ಚಳುಕು ಶುರುವಾಯಿತು. ನೋವಿನ ಎಣ್ಣೆ ಹಚ್ಚಿಕೊಂಡು ಇನ್ನೂ ಹತ್ತು ದಿನ ಓಡಿದೆ, ಬುದ್ಧಿವಂತ ನಾನು. ಕೊನೆಗೆ ಮೂಳೆ ಡಾಕ್ಟರು ಹೆಬ್ಬೆರಳಿನಿಂದ ಮೂಳೆ ಮೇಲೆ ಒಂದೊಂದೇ ಇಂಚು ಒತ್ತುತ್ತಾ ಬಂದರು. ಒಂದು ರೂಪಾಯಿ ನಾಣ್ಯದಷ್ಟು ಜಾಗದಲ್ಲಿ ಒತ್ತಿದಾಗ ಮಂಚದಿಂದ ಎದ್ದು ಕೂತುಬಿಟ್ಟೆ. ಮೂಳೆಯಲ್ಲಿ ಕೂದಲೆಳೆಯ ಬಿರುಕು. ಎಂಟು ವಾರ ಓಟ ಬಂದ್. ಆ ಎಂಟು ವಾರ ಬಾಲ್ಕನಿಯಲ್ಲಿ ಕೂತು, ಬೀದಿಯಲ್ಲಿ ಓಡುವವರನ್ನು ನೋಡಿ ಹೊಟ್ಟೆ ಉರಿಸಿಕೊಂಡಿದ್ದೇ ಕೆಲಸ.

ಕಾಣದ ಶ್ರಮ ಅಂದಾಗ ಓಡುವವರದ್ದನ್ನು ಮಾತ್ರ ಲೆಕ್ಕ ಹಾಕಬೇಡಿ. ನಾನು ಭಾನುವಾರ ಎರಡು ಗಂಟೆ ಓಡಿ ಬಂದು ಸೋಫಾ ಮೇಲೆ ಬಿದ್ದುಕೊಂಡರೆ, ಆ ಹೊತ್ತಿಗೆ ಮಗಳಿಗೆ ತಿಂಡಿ ತಿನ್ನಿಸಿ ಬೆವರಿನ ಬಟ್ಟೆ ನೆನೆಹಾಕಿದವರು ಬೇರೆ ಯಾರೋ ಇರುತ್ತಾರೆ. ಗಂಡಸು ಐದು ಗಂಟೆಗೆ ಎದ್ದು ಓಡಿದರೆ ಶಿಸ್ತು ಅನ್ನುತ್ತಾರೆ. ಹೆಂಗಸು ಅದೇ ಹೊತ್ತಿಗೆ ಹೊರಡಬೇಕಾದರೆ ಹಿಂದಿನ ರಾತ್ರಿಯೇ ತರಕಾರಿ ಹೆಚ್ಚಿಡಬೇಕು, ಬೀದಿದೀಪ ಇರುವ ದಾರಿ ಹುಡುಕಬೇಕು, ಜೊತೆಗೆ ಇನ್ನಿಬ್ಬರು ಬರುತ್ತಾರಾ ಅಂತ ಫೋನ್ ಮಾಡಿ ಕೇಳಬೇಕು. ಅವರ ಮೊದಲ ಕಿಲೋಮೀಟರ್ ಮನೆಯೊಳಗೇ ಮುಗಿದಿರುತ್ತದೆ.

ಸರಿ, ನೀವು ಏನು ಮಾಡಬೇಕು? ಏಳು ದಿನ ಓಡುವುದು ಬೇಡ, ನಾಲ್ಕು ದಿನ ಸಾಕು. ಮೂರು ದಿನ ಮೆಲ್ಲಗೆ. ಅದರಲ್ಲಿ ಒಂದು, ಭಾನುವಾರದ್ದು ಅಂತಿಟ್ಟುಕೊಳ್ಳಿ, ಉಳಿದವಕ್ಕಿಂತ ಉದ್ದ. ಇವತ್ತು 5 ಓಡುತ್ತಿದ್ದರೆ ಮುಂದಿನ ಭಾನುವಾರ 6. ಅಲ್ಲೇ ಎರಡು ವಾರ ನಿಲ್ಲಿ, ಆಮೇಲೆ 7. ನಾಲ್ಕನೇ ದಿನ ಮಾತ್ರ ಜೋರು: ಹತ್ತು ನಿಮಿಷ ಮೆಲ್ಲಗೆ ಓಡಿ ಮೈ ಬಿಸಿ ಮಾಡಿಕೊಂಡು, ಎರಡೆರಡು ನಿಮಿಷದ ಐದಾರು ಬಿರುಸಿನ ಓಟ, ನಡುವೆ ಎರಡು ನಿಮಿಷ ನಡಿಗೆ. ರಾತ್ರಿ ನಿದ್ದೆ ಕದಿಯಬೇಡಿ. ಎದೆನೋವು, ತಲೆಸುತ್ತು ಬಂದರೆ ಅವತ್ತೇ ಡಾಕ್ಟರನ್ನು ನೋಡಿ, ಅದರಲ್ಲಿ ಪೌರುಷ ಬೇಡ.

ಮೆಲ್ಲಗೆ ಅಂದರೆ ಎಷ್ಟು ಮೆಲ್ಲಗೆ? ನಿಮ್ಮ ಈಗಿನ ವೇಗ ಕಿಲೋಮೀಟರಿಗೆ 6 ನಿಮಿಷ. ಅದನ್ನು 7 ಅಥವಾ 7.30ಕ್ಕೆ ಇಳಿಸಿ. ವಾಚ್ ಬೇಡ ಅಂದರೆ ಮಗ್ಗಿ ಹೇಳಿ. ನನ್ನದು ಹದಿನಾರರ ಮಗ್ಗಿ. ಹದಿನಾರೊಂದ್ಲ ಹದಿನಾರು, ಹದಿನಾರೆರಡ್ಲ ಮೂವತ್ತೆರಡು ಅಂತ ಮಧ್ಯೆ ಉಸಿರು ಕಟ್ಟದೆ ಒಂದೊಂದು ಸಾಲು ಬಾಯಿಬಿಟ್ಟು ಹೇಳಲು ಆಗಬೇಕು. ಆಗದಿದ್ದರೆ ವೇಗ ಜಾಸ್ತಿಯಾಯಿತು ಅಂತ. ವಾಕಿಂಗ್ ಬಂದವರು ತಿರುಗಿ ನೋಡುತ್ತಾರೆ, ನೋಡಲಿ. ನಡೆಯುವವರೊಬ್ಬರು ನಿಮ್ಮನ್ನು ದಾಟಿಯೂ ಹೋಗಬಹುದು. ಆಗ ಕಾಲು ತಾನಾಗಿ ಜೋರಾಗಲು ನೋಡುತ್ತದೆ. ಅಲ್ಲಿ ತಡೆದುಕೊಳ್ಳುವುದೇ ಈ ಇಡೀ ಅಭ್ಯಾಸದ ಕಷ್ಟದ ಭಾಗ. ಬೆಟ್ಟ ಹತ್ತುವುದಕ್ಕಿಂತ ಕಷ್ಟ, ನಿಜವಾಗಲೂ.

ಮೊದಲ ಆರು ವಾರ ಏನೂ ಆದ ಹಾಗೆ ಅನ್ನಿಸದಿರಬಹುದು. ಹಾಗಾಗಿ ಬರೆದಿಡಿ. ನಾನು ಬರೆಯುವುದು ಅಡುಗೆಮನೆ ಗೋಡೆಯ ಕ್ಯಾಲೆಂಡರಿನಲ್ಲಿ, ಹಾಲಿನ ಲೆಕ್ಕದ ಪಕ್ಕದಲ್ಲೇ. ಮಂಗಳವಾರ ಹಾಲು 1, ಓಟ 5. ಗುರುವಾರ ಹಾಲು 1, ಓಟ 6. ಒಂದು ತಿಂಗಳು ಅಮ್ಮ ಕನ್ನಡಕ ಇಲ್ಲದೆ ಕೂಡಿಸಿ, ನೂರಾ ಹನ್ನೆರಡು ಲೀಟರ್ ಅಂತ ಹಾಲಿನವನ ಮುಂದೆ ದುಡ್ಡು ಎಣಿಸಲು ಕೂತಿದ್ದರು. ಅವನೇ ಬೇಡ ಅಮ್ಮ, ಅಷ್ಟೊಂದು ಹಸು ನಮ್ಮಲ್ಲಿಲ್ಲ ಅಂದನಂತೆ.