ಅಕ್ಟೋಬರ್‌ನಲ್ಲಿ ಹಾರಂಗಿಗೆ ಹೋದರೆ ಹಕ್ಕಿ ಯಾಕೆ ಕಾಣಲ್ಲ?

ಪ್ರಶ್ನೆ: ಮಳೆ ಬಿಟ್ಟ ಮೇಲೆ ವಲಸೆ ಹಕ್ಕಿ ಬರುತ್ತವೆ ಅಂತ ಎಲ್ಲರೂ ಹೇಳುತ್ತಾರೆ. ಅಕ್ಟೋಬರ್‌ನಲ್ಲಿ ಕೊಡಗಿನ ಹಾರಂಗಿ ಡ್ಯಾಂ ಹಿನ್ನೀರಿನ ಹತ್ತಿರ ಎರಡು ಗಂಟೆ ಕೂತೆವು. ನಾಲ್ಕು ನೀರುಕಾಗೆ ಬಿಟ್ಟರೆ ಏನೂ ಇಲ್ಲ. ಎಲ್ಲಿ ಎಡವಿದೆವು?

ಡ್ಯಾಂ ತುಂಬಿರುವಾಗ ಹೋದಿರಿ, ಅದೇ ಎಡವಟ್ಟು. ಹಾರಂಗಿಯ ಪೂರ್ಣ ಮಟ್ಟ ಸಮುದ್ರ ಮಟ್ಟದಿಂದ 2,859 ಅಡಿ. ಒಳ್ಳೆ ಮಳೆಯಾದ ವರ್ಷ ತುಲಾ ಸಂಕ್ರಮಣದ ಹೊತ್ತಿಗೂ ನೀರು ಅದರ ಆಸುಪಾಸಿನಲ್ಲೇ ಇರುತ್ತದೆ, ದಡದ ಹುಲ್ಲು, ಪೊದೆಯೆಲ್ಲ ಮುಳುಗಿರುತ್ತದೆ. ನೋಡಲು ಚೆಂದ, ನಿಜ. ಆದರೆ ಗೊರವ (ಸ್ಯಾಂಡ್‌ಪೈಪರ್), ಬಕ, ಕೊಕ್ಕರೆ ಇವೆಲ್ಲ ಈಜಿ ತಿನ್ನುವ ಹಕ್ಕಿಗಳಲ್ಲ, ನಡೆದು ತಿನ್ನುವವು. ಕಾಲು ಮುಳುಗುವಷ್ಟೇ ನೀರು, ಅದರಡಿ ಕೆಸರು, ಕೆಸರಲ್ಲಿ ಹುಳ, ಇಷ್ಟಿದ್ದರೆ ಬರುತ್ತವೆ. ದಡ ಬಿಟ್ಟ ಕೂಡಲೇ ಆಳು ಮುಳುಗುವ ನೀರಿದ್ದರೆ ಎಲ್ಲಿ ನಿಲ್ಲಬೇಕು ಪಾಪ? ನಾಲೆಗೆ ನೀರು ಬಿಟ್ಟ ಹಾಗೆಲ್ಲ ಮಟ್ಟ ಇಳಿದು, ಜನವರಿ ಕಳೆದ ಮೇಲೆ ಕೆಸರಿನ ಅಂಚು ಕಾಣತೊಡಗಿದಾಗ ಅದೇ ಜಾಗಕ್ಕೆ ಇನ್ನೊಮ್ಮೆ ಹೋಗಿ ನೋಡಿ. ಭದ್ರಾ ಹಿನ್ನೀರಿನ ರಿವರ್ ಟರ್ನ್ ಹಕ್ಕಿಗಳದ್ದೂ ಇದೇ ಲೆಕ್ಕ: ನೀರು ಇಳಿದು ನಡುಗಡ್ಡೆ ಎದ್ದ ಮೇಲೆಯೇ ಅವು ಮೊಟ್ಟೆ ಇಡುವುದು.

ಹಾಗಾದರೆ ಸೆಪ್ಟೆಂಬರ್‌ನಿಂದಲೇ ಬಂದಿಳಿಯುವ ಹಕ್ಕಿಗಳು ಎಲ್ಲಿರುತ್ತವೆ? ಹೊಳೆಯಲ್ಲಿ. ಕುಶಾಲನಗರದಿಂದ ಕೊಪ್ಪಕ್ಕೆ ಹೋಗುವ ಸೇತುವೆ ಹತ್ತಿರ ಬೆಳಿಗ್ಗೆ ಅರ್ಧ ಗಂಟೆ ನಿಲ್ಲಿ. ಮಳೆ ನಿಂತು ಕಾವೇರಿ ತಗ್ಗಿದ ಹಾಗೆ ಬಂಡೆಗಳು ತಲೆ ಎತ್ತುತ್ತವೆ, ಆ ಬಂಡೆ ಮೇಲೆ ಬಾಲ ಕುಣಿಸುತ್ತಾ ಓಡಾಡುವ ಪುಟ್ಟ ಹಕ್ಕಿಯನ್ನು ಹುಡುಕಿ. ಹೊಟ್ಟೆ ಹಳದಿ, ಬೆನ್ನು ಬೂದು ಇದ್ದರೆ ಅದು ಬೂದು ಸಿಪಿಲೆ (ಗ್ರೇ ವ್ಯಾಗ್‌ಟೇಲ್), ಹಿಮಾಲಯದ ಕಡೆಯಿಂದ ಬಂದ ಅತಿಥಿ. ಕಪ್ಪು ಬಿಳುಪು ಬಣ್ಣ, ಕಣ್ಣಿನ ಮೇಲೆ ಬಿಳಿ ಹುಬ್ಬು ಇದ್ದರೆ ವರ್ಷವಿಡೀ ಇಲ್ಲೇ ಇರುವ ನಮ್ಮೂರಿನದೇ ಸಿಪಿಲೆ. ಬಾಲ ಮಾತ್ರವಲ್ಲ, ಇಡೀ ಹಿಂಭಾಗವನ್ನೇ ಮೇಲೆ ಕೆಳಗೆ ಆಡಿಸುತ್ತಾ, ಎದ್ದರೆ ನೀರಿಗೆ ತಾಗುವ ಹಾಗೆ ತಗ್ಗಾಗಿ, ರೆಕ್ಕೆ ಬಿಗಿಹಿಡಿದು ಹಾರುವ ಕಂದು ಹಕ್ಕಿ ಇನ್ನೊಂದಿದೆ. ಅದು ಸಿಪಿಲೆಯಲ್ಲ, ಗೊರವ. ಈ ಮೂರನ್ನು ಬೇರೆ ಮಾಡಲು ಕಲಿತರೆ ಮೊದಲ ವಾರಕ್ಕೆ ಸಾಕು. ನನಗಂತೂ ಒಂದು ಇಡೀ ಸೀಸನ್ ಹಿಡಿದಿತ್ತು!

ಬೆಳಕಿನದ್ದೊಂದು ಮಾತು. ಅಲ್ಲಿ ಹೊಳೆ ಹೆಚ್ಚುಕಡಿಮೆ ಉತ್ತರಕ್ಕೆ ಹರಿಯುತ್ತದೆ. ಬೆಳಿಗ್ಗೆ ನಮ್ಮ ಕೊಡಗಿನ ದಡದಲ್ಲಿ ನಿಂತರೆ ಸೂರ್ಯ ನೇರ ಕಣ್ಣಿಗೆ, ಹಕ್ಕಿಯೆಲ್ಲ ಕಪ್ಪು ನೆರಳು. ಸೇತುವೆ ದಾಟಿ ಮೈಸೂರು ಜಿಲ್ಲೆಯ ಕಡೆಯಿಂದ ನೋಡಿ. ಸಂಜೆಗೆ ಉಲ್ಟಾ.

ಹಾರಂಗಿ ಡ್ಯಾಂ ಕೆಳಗಿನ ಹೊಳೆಯಲ್ಲಿ ಬಂಡೆ ಮೇಲೆ ಇಳಿಯಲೇಬೇಡಿ. ಅಕ್ಟೋಬರ್‌ನಲ್ಲಿ ಮಳೆ ಮತ್ತೆ ಹಿಡಿದರೆ ಗೇಟು ತೆಗೆಯುತ್ತಾರೆ, ನೀರು ಏರುವುದು ಗೊತ್ತೇ ಆಗಲ್ಲ. ಚಿಕ್ಲಿಹೊಳೆ ಜಲಾಶಯದ ಕಡೆ ಹೋಗುವವರು ಸರಿಯಾಗಿ ಬೆಳಕು ಹರಿದ ಮೇಲೆ ಹೋಗಿ. ಆನೆ ಓಡಾಡುವ ಜಾಗ ಅದು, ಬೈನಾಕ್ಯುಲರ್ ಬೇಕಾಗಲ್ಲ.

ಇಷ್ಟೆಲ್ಲ ಹೇಳಿದರೂ ತುಂಬಿದ ಹಿನ್ನೀರಿಗೆ ನಾನು ಅಕ್ಟೋಬರ್ ಕೊನೆಗೆ ಒಂದು ಸಲ ಹೋಗಿಯೇ ಹೋಗುತ್ತೇನೆ, ಆಸ್ಪ್ರೇ ಆಸೆಗೆ. ಮೀನೇ ತಿಂದು ಬದುಕುವ ಈ ವಲಸೆ ಹದ್ದಿಗೆ ಕೆಸರು ಬೇಡ, ತೆರೆದ ನೀರು ಬೇಕು. ಮೇಲಿಂದ ಕಾಲು ಮುಂದೆ ಚಾಚಿ ದುಡುಮ್ಮನೆ ಬೀಳುತ್ತದೆ. ನೀರಿನ ಮೇಲೆ ಕಣ್ಣಿಟ್ಟು ಕೂರುವುದಕ್ಕಿಂತ ದಡದ ಒಣಮರಗಳ ತುದಿ ನೋಡುತ್ತಿರಿ, ಹಿಡಿದ ಮೀನನ್ನು ಅಲ್ಲೇ ಕೂತು ತಿನ್ನುತ್ತದೆ. ನೀವು ಕೂತಿದ್ದ ಆ ಎರಡು ಗಂಟೆಯಲ್ಲಿ ಮರಗಳ ಕಡೆ ನೋಡಿದ್ರಾ?