ಫೈಬರ್ ದೋಣಿಯ ನೆಲ ಮತ್ತೆ ಕಟ್ಟುವುದು: ಕಲಿಯುತ್ತಿರುವವರಿಗೆ ಟಿಪ್ಪಣಿ

ತೋಟದ ಕೆರೆಗೆ ಅಂತ ಇಟ್ಟುಕೊಂಡ ಸಣ್ಣ ಫೈಬರ್ (ರೆಸಿನ್ ಅನ್ನುವ ಗಟ್ಟಿಯಾಗುವ ಅಂಟಿನಲ್ಲಿ ಕೂರಿಸಿದ ಗಾಜಿನ ನಾರು) ದೋಣಿಯಲ್ಲಿ ಮೊದಲು ಕೆಡುವುದು ಸಾಮಾನ್ಯವಾಗಿ ಫೈಬರ್ ಅಲ್ಲ, ಅದರೊಳಗಿನ ಮರ. ನೆಲದ ಮೇಲೆ ಕಾಲಿಟ್ಟರೆ ಮೆತ್ತಗೆ ಬಗ್ಗುತ್ತದೆಯೇ? ಒಳಗಿನ ಪ್ಲೈವುಡ್ ಕೊಳೆತಿರುವ ಸಾಧ್ಯತೆ ಜಾಸ್ತಿ. ಸುತ್ತಿಗೆಯ ಹಿಡಿಯಿಂದ ಉದ್ದಕ್ಕೂ ತಟ್ಟುತ್ತಾ ಹೋಗಿ. ಗಟ್ಟಿ ಜಾಗ ಸ್ಪಷ್ಟವಾಗಿ ಸದ್ದು ಮಾಡುತ್ತದೆ, ಕೊಳೆತ ಜಾಗ ಮಂಕಾಗಿ 'ಡಬ್' ಅನ್ನುತ್ತದೆ. ಸೀಮೆಸುಣ್ಣದಲ್ಲಿ ಗುರುತು ಹಾಕಿಕೊಳ್ಳಿ.

ನೀರು ಒಳಗೆ ಹೋಗುವುದು ಸೀಟಿನ ಸ್ಕ್ರೂ ತೂತುಗಳಿಂದ ಮತ್ತು ಮುಚ್ಚದೆ ಬಿಟ್ಟ ಹಲಗೆ ಅಂಚುಗಳಿಂದ. ಮೇಲೆ ಫೈಬರ್ ಹೊದಿಕೆ ಇರುವುದರಿಂದ ಒಳಗೆ ಹೋದ ನೀರಿಗೆ ಹೊರಗೆ ಬರಲು ದಾರಿಯಿಲ್ಲ. ಮರದ ತೇವ ಶೇ. 20ಕ್ಕಿಂತ ಕೆಳಗಿದ್ದರೆ ಕೊಳೆಸುವ ಶಿಲೀಂಧ್ರ ಬೆಳೆಯುವುದಿಲ್ಲ. ಆದರೆ ನಮ್ಮ ಕೊಡಗಿನ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಗಾಳಿಯಲ್ಲಿ ಒದ್ದೆ ಹಲಗೆ ಒಣಗುವ ಮಾತೇ ಇಲ್ಲ. ಅದಕ್ಕೇ ಈ ಕೆಲಸ ಮಳೆ ಪೂರ್ತಿ ನಿಂತ ಮೇಲೆ, ಡಿಸೆಂಬರ್‌ನಿಂದ ಮಾರ್ಚ್ ಒಳಗೆ ಮುಗಿಸಬೇಕು.

ನೆಲ ಬಿಚ್ಚುವ ಮುಂಚೆ ದೋಣಿಯ ತಳಕ್ಕೆ ನಾಲ್ಕೂ ಕಡೆ ಸರಿಯಾಗಿ ಆಸರೆ ಕೊಡಿ. ತಳದ ಆಕಾರವನ್ನು ಹಿಡಿದಿಡುವುದರಲ್ಲಿ ನೆಲಕ್ಕೂ ಪಾಲಿದೆ. ಆಸರೆಯಿಲ್ಲದೆ ತಳ ಜೋತುಬಿದ್ದಿರುವಾಗ ಹೊಸ ನೆಲ ಅಂಟಿಸಿದರೆ ಆ ಸೊಟ್ಟ ಹಾಗೆಯೇ ಉಳಿಯುತ್ತದೆ. ಕಟ್ಟರ್ ಮಷಿನ್ನಿನ ಬ್ಲೇಡನ್ನು ನೆಲದ ದಪ್ಪಕ್ಕಷ್ಟೇ ಇಳಿಸಿ. ಹಳೆಯ ಹಲಗೆ ಸಾಧ್ಯವಾದಷ್ಟು ಇಡಿಯಾಗಿ ಬರಲಿ, ಹೊಸದಕ್ಕೆ ಅದೇ ಅಳತೆ. ಗ್ರೈಂಡರ್ ಹಿಡಿದಾಗ ಮಾಸ್ಕ್, ಕನ್ನಡಕ, ತುಂಬುತೋಳಿನ ಅಂಗಿ ಕಡ್ಡಾಯ. ಗಾಜಿನ ಪುಡಿ ಶ್ವಾಸಕೋಶಕ್ಕೆ ಹೋಗಬಾರದು.

ಈಗ ಒಣಗಿಸುವುದು. ಹೆಚ್ಚಿನವರು ಆತುರಪಡುವುದು ಇಲ್ಲೇ. ನೆಲದ ಕೆಳಗಿನ ಉದ್ದ ತೊಲೆಗಳನ್ನು ಉಳಿಸಿಕೊಳ್ಳುವುದಾದರೆ, ಅವು ಒಣಗಿವೆಯೇ ಅಂತ ನೋಡಲು ಮೇಲೆ ಪ್ಲಾಸ್ಟಿಕ್ ಹಾಳೆ ಹೊದಿಸಿ ಸುತ್ತ ಟೇಪ್ ಅಂಟಿಸಿ, ಬಿಸಿಲಿಗೆ ಬಿಡಿ. ಹಾಳೆಯ ಒಳಮೈಯಲ್ಲಿ ಹನಿ ಕಟ್ಟಿದರೆ ಇನ್ನೂ ತೇವ ಇದೆ ಅಂತ ಅರ್ಥ. ಕಾಫಿ ಬೀಜ ಅಳೆಯುವ ತೇವಾಂಶ ಮೀಟರ್ ಮನೆಯಲ್ಲಿ ಇದ್ದರೂ ಇದಕ್ಕೆ ಬರುವುದಿಲ್ಲ. ಅದನ್ನು ಕಾಫಿಗೆ ಹೊಂದಿಸಿರುತ್ತಾರೆ. ಆದರೆ ಕಾಫಿ ಕಣ ಖಾಲಿಯಿದ್ದರೆ ಹೊಸ ಪ್ಲೈವುಡ್ ಒಣಗಿಸಲು ಅದಕ್ಕಿಂತ ಒಳ್ಳೆಯ ಜಾಗ ಬೇರೆ ಬೇಡ.

ಪ್ಲೈವುಡ್ ಮೇಲೆ ಐಎಸ್ (ಭಾರತೀಯ ಮಾನಕ) 710 ಮುದ್ರೆ ನೋಡಿ ತನ್ನಿ, ಅದು ಮರೀನ್ ದರ್ಜೆ, ಅಂದರೆ ದೋಣಿಗೆ ಆಗುವಂಥದ್ದು. ಐಎಸ್ 303 ಮನೆಯ ಕಪಾಟಿಗೆ ಸರಿ, ದೋಣಿಗಲ್ಲ. ತೋಟದಲ್ಲೇ ಸಿಲ್ವರ್ ಓಕ್ ಇದೆಯಲ್ಲ ಅಂತ ಕೆಲವರು ಕೇಳುತ್ತಾರೆ. ಅಗಲದ ಮರದ ಹಲಗೆ ತೇವಕ್ಕೆ ತಕ್ಕ ಹಾಗೆ ಹಿಗ್ಗಿ ಕುಗ್ಗುತ್ತದೆ, ಮೇಲಿನ ಫೈಬರ್ ಬಿಟ್ಟುಕೊಳ್ಳುತ್ತದೆ.

ರೆಸಿನ್ ವಿಷಯ ಗಮನವಿಟ್ಟು ಓದಿ. ಪಾಲಿಯೆಸ್ಟರ್ ರೆಸಿನ್ ಜೊತೆ ಅಂಗಡಿಯವರು ಕೋಬಾಲ್ಟ್ (ಗಟ್ಟಿಯಾಗುವುದನ್ನು ಚುರುಕುಗೊಳಿಸುವುದು) ಮತ್ತು ಕ್ಯಾಟಲಿಸ್ಟ್ (ಗಟ್ಟಿಯಾಗಿಸುವುದು) ಅಂತ ಎರಡು ಬಾಟಲಿ ಕೊಡುತ್ತಾರೆ. ಇವೆರಡನ್ನು ನೇರವಾಗಿ ಬೆರೆಸಲೇಬೇಡಿ, ಬೆಂಕಿ ಹತ್ತಬಹುದು, ಸಿಡಿಯಲೂಬಹುದು. ಮೊದಲು ಕೋಬಾಲ್ಟ್ ಅನ್ನು ರೆಸಿನ್‌ನಲ್ಲಿ ಪೂರ್ತಿ ಕಲಸಿ. ಆಮೇಲೆ ಬಳಸುವಷ್ಟಕ್ಕೆ ಮಾತ್ರ ಕ್ಯಾಟಲಿಸ್ಟ್ ಹಾಕಿ, ತೂಕದಲ್ಲಿ ಶೇ. 1ರಿಂದ 2. ಅಂದರೆ 500 ಗ್ರಾಂ ರೆಸಿನ್‌ಗೆ 5ರಿಂದ 10 ಗ್ರಾಂ. ಮಡಿಕೇರಿಯ ಚಳಿ ಬೆಳಗಿನಲ್ಲಿ, ಸುಮಾರು 15 ಡಿಗ್ರಿಗಿಂತ ಕೆಳಗೆ, ರೆಸಿನ್ ಸರಿಯಾಗಿ ಗಟ್ಟಿಯಾಗುವುದಿಲ್ಲ. ಕ್ಯಾಟಲಿಸ್ಟ್ ಜಾಸ್ತಿ ಸುರಿಯುವುದು ಇದಕ್ಕೆ ಪರಿಹಾರ ಅಲ್ಲ. ಬಿಸಿಲೇರುವವರೆಗೆ ಕಾಯಿರಿ.

ಹಲಗೆಯ ಅಡಿಮೈಗೆ ಮೊದಲೇ ಫೈಬರ್ ಹೊದಿಸಿ, ಒಮ್ಮೆ ಕೂರಿಸಿದರೆ ಅಲ್ಲಿಗೆ ಕೈ ಹೋಗುವುದಿಲ್ಲ. ಬರೀ ಮರಕ್ಕೆ ಒಂದು ಸುತ್ತು ರೆಸಿನ್ ಕುಡಿಸಿ, ಅಂಚುಗಳಿಗೆ ಎರಡು ಮೂರು ಸುತ್ತು. ನಂತರ ಚದರ ಮೀಟರ್‌ಗೆ 450 ಗ್ರಾಂ ತೂಗುವ ಮ್ಯಾಟ್ (ಗಾಜಿನ ನಾರಿನ ಹಾಳೆ) ಹಾಸಿ ಬ್ರಷ್‌ನಿಂದ ಕುಕ್ಕುತ್ತಾ ಹೋಗಿ. ಬೆಳ್ಳಗಿದ್ದ ಮ್ಯಾಟ್ ನಿಧಾನವಾಗಿ ಪಾರದರ್ಶಕವಾಗುತ್ತದೆ, ಅಡಿಯ ಮರದ ಗೆರೆಗಳು ಕಾಣಿಸುತ್ತವೆ. ಎಲ್ಲಿ ಬಿಳಿ ಚುಕ್ಕೆ ಉಳಿಯಿತೋ ಅಲ್ಲಿ ಗಾಳಿ ಇದೆ, ಇಲ್ಲವೇ ರೆಸಿನ್ ಸಾಲದು. ರೋಲರ್ ಉರುಳಿಸಿ ಅದನ್ನು ಹೊರಗೆ ತಳ್ಳಿ. ಒಂದು ಚದರ ಮೀಟರ್‌ಗೆ ಸುಮಾರು ಒಂದು ಕಿಲೋ ರೆಸಿನ್ ಹಿಡಿಯುತ್ತದೆ.

ನೆಲದ ಕೆಳಗಿನ ನೀರು ಕುಡಿದ ಹಳೆಯ ಫೋಮ್ ಕಿತ್ತಿದ್ದರೆ ಅಷ್ಟೇ ಗಾತ್ರದ ಹೊಸದನ್ನು ತುಂಬಲೇಬೇಕು. ನೀರು ತುಂಬಿದ ದೋಣಿಯನ್ನು ಮುಳುಗದಂತೆ ಹಿಡಿಯುವುದು ಅದೇ. ಥರ್ಮಾಕೋಲ್ ಬೇಡ, ಪಾಲಿಯೆಸ್ಟರ್ ರೆಸಿನ್‌ನಲ್ಲಿರುವ ಸ್ಟೈರೀನ್ ಅದನ್ನು ಕರಗಿಸಿಬಿಡುತ್ತದೆ. ತೊಲೆಗಳಲ್ಲಿ ನೀರು ಹಿಂದಕ್ಕೆ ಹರಿಯುವ ತೂತುಗಳು ಮುಚ್ಚಿಹೋಗದಂತೆ ನೋಡಿಕೊಳ್ಳಿ.

ನೆಲ ಮತ್ತು ಗೋಡೆ ಸೇರುವ ಮೂಲೆಯನ್ನು ರೆಸಿನ್ ಪುಟ್ಟಿಯಿಂದ ಗುಂಡಗೆ ಮಾಡಿ. ಚೂಪು ಮೂಲೆಯಲ್ಲಿ ಮ್ಯಾಟ್ ಕೂರುವುದಿಲ್ಲ, ಅಡಿಯಲ್ಲಿ ಗಾಳಿ ಉಳಿಯುತ್ತದೆ. ಸ್ಕ್ರೂ ಬೇಕಾದ ಕಡೆ ಮೊದಲು ದೊಡ್ಡ ತೂತು ಕೊರೆದು, ದಪ್ಪಗೆ ಕಲಸಿದ ರೆಸಿನ್ ತುಂಬಿ, ಒಣಗಿದ ಮೇಲೆ ಅದರ ನಡುವೆ ಸಣ್ಣ ತೂತು ಹಾಕಿ. ಆಗ ಸ್ಕ್ರೂ ಮರವನ್ನು ಮುಟ್ಟುವುದೇ ಇಲ್ಲ. ಇಡೀ ಕೆಲಸದಲ್ಲಿ ನಾನು ಅತಿ ಮುಖ್ಯ ಅನ್ನುವ ಹಂತ ಇದು.

ಸಾಮಾನ್ಯ ಪಾಲಿಯೆಸ್ಟರ್ ಗಾಳಿ ತಗುಲುವ ಮೇಲ್ಮೈಯಲ್ಲಿ ಅಂಟಂಟಾಗೇ ಉಳಿಯುತ್ತದೆ. ಅದು ತಪ್ಪಲ್ಲ, ಮುಂದಿನ ಪದರ ಚೆನ್ನಾಗಿ ಹಿಡಿಯಲಿ ಅಂತಲೇ ಹಾಗೆ. ಕೊನೆಯ ಸುತ್ತಿಗೆ ಮಾತ್ರ ಮೇಣ ಬೆರೆಸಿದ ಟಾಪ್‌ಕೋಟ್ (ಮೇಲಿನ ಲೇಪ) ಬಳಸಿ. ಅದು ಹಸಿಯಿರುವಾಗಲೇ ತೊಳೆದು ಒಣಗಿಸಿದ ಸಣ್ಣ ಮರಳು ಉದುರಿಸಿದರೆ ಕಾಲು ಜಾರುವುದಿಲ್ಲ. ಗಟ್ಟಿಯಾದ ಮೇಲೆ ಹೆಚ್ಚಿನ ಮರಳು ಗುಡಿಸಿ. ಮೇಣದ ಮೇಲೆ ಏನೂ ಸರಿಯಾಗಿ ಹಿಡಿಯುವುದಿಲ್ಲ, ಆದ್ದರಿಂದ ಅಸಿಟೋನ್‌ನಲ್ಲಿ ಒರೆಸಿ, ಉಜ್ಜಿ, ಅದೇ ಟಾಪ್‌ಕೋಟ್ ಇನ್ನೊಂದು ತೆಳು ಸುತ್ತು ಬಳಿಯಿರಿ. ಗೋಡೆಯ ಪಕ್ಕ ಎರಡು ಬೆರಳಗಲ ನುಣುಪಾಗಿ ಬಿಡಿ, ನೀರು ಹಿಂದಿನ ಪ್ಲಗ್‌ (ನೀರು ಹೊರಬಿಡುವ ತೂತಿನ ಬಿರಡೆ) ವರೆಗೆ ತಡೆಯಿಲ್ಲದೆ ಹರಿಯಲು ಅದು ಬೇಕು.