ನರ ತೆಗೆದ ಮೇಲೂ ಹಲ್ಲು ನೋಯೋದ್ಯಾಕೆ?

"ನರಾನೇ ತೆಗೆದ್ರಿ ಅಂದ್ರಲ್ಲ ಡಾಕ್ಟ್ರೇ, ಮತ್ತೆ ನೋವು ಎಲ್ಲಿಂದ?" ರೂಟ್ ಕೆನಾಲ್ ಮಾಡಿದ ಮಾರನೇ ಬೆಳಗ್ಗೆ ಬರುವ ಫೋನ್‌ಗಳಲ್ಲಿ ಇದೇ ಪ್ರಶ್ನೆ.

ಕೇಳುವುದು ಸರಿಯಾಗೇ ಇದೆ. ನಾವು ತೆಗೆಯುವುದು ಹಲ್ಲಿನ ಒಳಗಿನ ನರವನ್ನು ಮಾತ್ರ. ಬೇರಿನ ಸುತ್ತ, ಮೂಳೆಗೂ ಹಲ್ಲಿಗೂ ನಡುವೆ, ತೆಳುವಾದ ನಾರಿನ ಪದರ ಒಂದಿದೆ. ಅರ್ಧ ಮಿಲಿಮೀಟರ್ ದಪ್ಪವೂ ಇಲ್ಲ. ಅದರ ನರಗಳೇ ಬೇರೆ. ಅನ್ನದಲ್ಲಿ ಕಲ್ಲು ಸಿಕ್ಕರೆ ತಟ್ಟನೆ ಗೊತ್ತಾಗುತ್ತಲ್ವಾ, ಅದು ಇವುಗಳ ಕೆಲಸ. ಸೋಂಕು ಬೇರಿನ ತುದಿಗೆ ಇಳಿದಿದ್ದರೆ ಆ ಪದರ ಮೊದಲೇ ಕೆರಳಿರುತ್ತದೆ. ಅದು ಸಾಲದು ಅಂತ ನಾವು ಸೂಜಿಯಂಥ ಫೈಲ್ ಹಾಕಿ, ಬೇರಿನೊಳಗೆ ನರ ಇದ್ದ ಕಾಲುವೆಯನ್ನೆಲ್ಲ ಕೆರೆದು, ತೊಳೆದಿರುತ್ತೇವೆ. ದವಡೆ ಹಲ್ಲಾದರೆ ಇಂಥ ಕಾಲುವೆಗಳು 3-4. ನೋಯದೆ ಇನ್ನೇನು?

ಮೊದಲ ಒಂದೆರಡು ದಿನ ಜಾಸ್ತಿ. ಆಮೇಲೆ ಇಳಿಯುತ್ತಾ ಹೋಗಿ, ವಾರದೊಳಗೆ ಹೆಚ್ಚಿನವರಿಗೆ ಮರೆತೇ ಹೋಗುತ್ತದೆ. ಬರೆದುಕೊಟ್ಟ ನೋವಿನ ಮಾತ್ರೆ ಸಾಕು. ಹಿಂದಿನ ಸಲ ಉಳಿದ ಆಂಟಿಬಯೋಟಿಕ್ ಸುಮ್ನೆ ನುಂಗಬೇಡಿ, ಈ ನೋವಿಗೆ ಅದು ಔಷಧಿಯಲ್ಲ. ಲವಂಗದೆಣ್ಣೆಯೂ ಬೇಡ. ಹಲ್ಲು ಮುಚ್ಚಿ ಆಗಿದೆ, ಸುಡುವುದು ಒಸಡು ಮಾತ್ರ. ಆದರೆ ಕೆನ್ನೆ ಊದಿ ಜ್ವರ ಬಂದರೆ, ಬಾಯಿ ತೆರೆಯಲು ಅಥವಾ ನುಂಗಲು ಕಷ್ಟವಾದರೆ, ರಾತ್ರಿಯಾದರೂ ಸರಿ, ಕಾಯಬೇಡಿ.

ಇನ್ನೊಂದು ನೋವಿದೆ, ನಮ್ಮ ಕೈಯಿಂದಲೇ ಆಗುವಂಥದ್ದು. ಬಸವನಗುಡಿಯಲ್ಲಿ ಕಡಲೆಕಾಯಿ ಪರಿಷೆ ನಡೆಯುತ್ತಿದ್ದ ದಿನ ಒಬ್ಬ ಅಜ್ಜಿ ಬಂದರು. ರೂಟ್ ಕೆನಾಲ್ ಆಗಿ ಐದನೇ ದಿನ. ಸುಮ್ಮನಿದ್ದರೆ ಏನೂ ಇಲ್ಲ, ಹಲ್ಲಿಗೆ ಹಲ್ಲು ತಾಗಿದರೆ ಜೀವ ಹೋಗುತ್ತದೆ ಅಂದರು. ನೀಲಿ ಕಾಗದದ ಚೂರು ಇಟ್ಟು ಕಚ್ಚಿಸಿದೆ. ತಾತ್ಕಾಲಿಕ ಫಿಲ್ಲಿಂಗ್ ಮೇಲೆ ಸಾಸಿವೆಯಷ್ಟು ನೀಲಿ ಚುಕ್ಕೆ, ಬೇರೆಲ್ಲೂ ಗುರುತಿಲ್ಲ. ನಾನು ಹಾಕಿದ್ದ ಫಿಲ್ಲಿಂಗೇ ಕೂದಲೆಳೆಯಷ್ಟು ಎತ್ತರ. ಪ್ರತಿ ತುತ್ತಿಗೂ ಬಾಯಿಯ ಪೂರ್ತಿ ಭಾರ ಆ ಒಂದು ಹಲ್ಲಿನ ಮೇಲೆ ಬೀಳುತ್ತಿತ್ತು. ಅರ್ಧ ನಿಮಿಷ ಉಜ್ಜಿದೆ, ಮತ್ತೆ ಕಚ್ಚಿಸಿದೆ.

"ಅಯ್ಯೋ, ಇಷ್ಟೇನಾ? ನಾಲ್ಕು ದಿನದಿಂದ ಗಂಜಿ ಕುಡ್ಕೊಂಡಿದೀನಲ್ಲಪ್ಪಾ!"

ತಪ್ಪು ನನ್ನದೇ, ಒಪ್ಪಿಕೊಂಡೆ. ಬಾಗಿಲ ಹತ್ತಿರ ಹೋದವರು ತಿರುಗಿ, "ಹಂಗಾದ್ರೆ ಕಡಲೆಕಾಯಿ ತಿನ್ಬಹುದಾ?" ಅಂದರು. ಒಳಗೆ ಕೊರೆಸಿಕೊಂಡ ಹಲ್ಲು, ಗಟ್ಟಿ ಕಚ್ಚಿದರೆ ಸೀಳಿಬಿಡಬಹುದು.

"ಕ್ಯಾಪ್ ಹಾಕೋವರೆಗೂ ಹುರಿದಿದ್ದು ಬೇಡ ಅಜ್ಜಿ. ಬೇಯ್ಸಿದ್ದು ತಿನ್ನಿ, ಅದೂ ಇನ್ನೊಂದು ಕಡೆಯಿಂದ."